ಕೋಚ್ ಯಾವ ದೇಶದವರು ಎಂಬುದಲ್ಲ, ನಮ್ಮ ಬಯಲಿಗೆ ಯಾರು ಬರುತ್ತಾರೆ ಎಂಬುದು ಪ್ರಶ್ನೆ

ಮಳೆ ಬಿಟ್ಟ ಸಂಜೆಗಳಲ್ಲಿ ಬಂಟ್ವಾಳ ತಾಲೂಕಿನ ವಾಮದಪದವಿನ ಹುಡುಗರು ಫುಟ್‌ಬಾಲ್ ಆಡುವುದನ್ನು ನಿಂತು ನೋಡುತ್ತೇನೆ. ಮುರಕಲ್ಲಿನ ನೆಲ, ಹೆಚ್ಚಿನವರದು ಬರಿಗಾಲು. ನಡುವಿನಲ್ಲಿ ಆಡುವ ಒಬ್ಬ ಹುಡುಗನ ಕಾಲು ಬಹಳ ಚುರುಕು. ಆದರೆ ಚೆಂಡು ಬರುವಾಗ ಅದನ್ನೇ ದಿಟ್ಟಿಸುತ್ತಾನೆ. ಹಿಂದಿನಿಂದ ನುಗ್ಗುವವ ಕಾಣುವುದೇ ಇಲ್ಲ. ‘ಚೆಂಡು ಕಾಲಿಗೆ ಸಿಗುವ ಮೊದಲು ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡು ಮಗಾ’ ಎಂದೆ. ಆ ಸಂಜೆ ಮೂರು ಸಲ ನೋಡಿದ, ಮೂರು ಸಲವೂ ಚೆಂಡು ಉಳಿಯಿತು. ಮುಂದಿನ ವಾರ ಮರೆತಿದ್ದ. ಇದು ಒಮ್ಮೆ ಹೇಳಿ ಬಿಡುವ ಪಾಠವಲ್ಲ, ದಿನವೂ ನಿಂತು ರೂಢಿ ಮಾಡಿಸಬೇಕು. ಹಾಗೆ ನಿಲ್ಲುವವರು ಅಲ್ಲಿ ಯಾರೂ ಇಲ್ಲ.

ಭಾರತ ತಂಡಕ್ಕೆ ವಿದೇಶಿ ಕೋಚ್ ಬೇಕೋ ಸ್ವದೇಶಿ ಸಾಕೋ ಎಂಬ ಜಗಳ ಕೇಳಿದಾಗಲೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ. 2024ರಲ್ಲಿ ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ ಅವರನ್ನು ಕೋಚ್ ಹುದ್ದೆಯಿಂದ ತೆಗೆಯಲಾಯಿತು. ಸ್ಪೇನಿನ ಮನೋಲೊ ಮಾರ್ಕೆಜ್ ಒಂದೇ ವರ್ಷದಲ್ಲಿ ಜಾಗ ಬಿಟ್ಟರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಹದಿಮೂರು ವರ್ಷಗಳ ನಂತರ ಆ ಹುದ್ದೆಗೇರಿದ ಭಾರತೀಯ. ಅದೇ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರದ ಎದುರು ಸೋತು ಏಷ್ಯನ್ ಕಪ್ ಬಾಗಿಲು ಮುಚ್ಚಿದಾಗ, ‘ನೋಡಿ, ನಮ್ಮವರ ಕೈಲಾಗದು’ ಎಂದು ಹಲವರು ಹೇಳಿದರು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಜಮೀಲ್ ಮಿಡ್‌ಫೀಲ್ಡರ್ ಆಗಿದ್ದವರು. 2017ರಲ್ಲಿ ಪುಟ್ಟ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆಲ್ಲಿಸಿಕೊಟ್ಟವರು. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಒಬ್ಬ ಭಾರತೀಯನಿಗೆ ಪೂರ್ಣಾವಧಿ ಮುಖ್ಯ ಕೋಚ್ ಹುದ್ದೆ ಸಿಗಲು 2021ರ ತನಕ ಕಾಯಬೇಕಾಯಿತು, ಅದೂ ಇವರಿಗೇ. ವರ್ಷಗಟ್ಟಲೆ ಬಾಗಿಲ ಹೊರಗೆ ನಿಲ್ಲಿಸಿ, ಒಳಗೆ ಕರೆದ ಕೆಲವೇ ತಿಂಗಳಲ್ಲಿ ತೀರ್ಪು ಕೊಡುವುದು ನ್ಯಾಯವಲ್ಲ.

ನಮ್ಮದೇ ರಾಜ್ಯದ ಕಾರ್ಲ್ಟನ್ ಚಾಪ್‌ಮನ್ ಅವರನ್ನು ನೋಡಿ. ಬೆಂಗಳೂರಿನ ಆಸ್ಟಿನ್ ಟೌನ್‌ನಿಂದ ಬಂದ ಮಿಡ್‌ಫೀಲ್ಡರ್. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದು 6-2ರ ಗೆಲುವು ತಂದರು. 1997ರಲ್ಲಿ ಅವರು ನಾಯಕರಾಗಿದ್ದಾಗ ಭಾರತ ಸ್ಯಾಫ್ ಕಪ್ ಗೆದ್ದಿತು. ಬೂಟು ಕಳಚಿದ ಮೇಲೆ ಕೋಚ್ ಆದರು: ಟಾಟಾ ಫುಟ್‌ಬಾಲ್ ಅಕಾಡೆಮಿ, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಜ್. ಸೂಪರ್ ಲೀಗ್‌ನ ಒಂದು ತಂಡದ ಹೊಣೆಯೂ ಅವರಿಗೆ ಸಿಗಲಿಲ್ಲ. 2020ರ ಅಕ್ಟೋಬರ್ 12ರಂದು, ಇನ್ನೂ 49ರ ಪ್ರಾಯದಲ್ಲಿ ತೀರಿಕೊಂಡರು. ಮರುದಿನ ಎಲ್ಲರೂ ಕಂಬನಿ ಮಿಡಿದರು. ಬದುಕಿದ್ದಾಗ ಅವರ ವಿದ್ಯೆಯನ್ನು ಕರ್ನಾಟಕದ ಮಕ್ಕಳಿಗೆ ದಾಟಿಸಲು ನಾವು ಎಷ್ಟು ಮಾಡಿದೆವು?

ಬೇರೆಡೆ ಇದು ಹೇಗೆ ನಡೆಯುತ್ತದೆ ನೋಡಿ. ಪೋರ್ಚುಗಲ್‌ನ ಜನಸಂಖ್ಯೆ ಒಂದು ಕೋಟಿಯಷ್ಟು, ಕರ್ನಾಟಕದ್ದು ಆರು ಕೋಟಿಗೂ ಮೇಲೆ. ಅಲ್ಲಿನ ಪಾವ್ಲೊ ಸೌಸಾ ಎಂಬ ಮಿಡ್‌ಫೀಲ್ಡರ್ 1996ರಲ್ಲಿ ಯುವೆಂಟಸ್, 1997ರಲ್ಲಿ ಡಾರ್ಟ್‌ಮಂಡ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದು, ಆಮೇಲೆ ಬಾಸೆಲ್, ಫಿಯೊರೆಂಟಿನಾ, ಪೋಲೆಂಡ್ ತಂಡಗಳಿಗೆ ಕೋಚ್ ಆದರು. ಆಡಿದವರ ಅನುಭವ ಕಲಿಸುವ ಕೆಲಸಕ್ಕೆ ಬಂದದ್ದು ಹೀಗೆ. ನಮ್ಮಲ್ಲಿ ಅದು ಆಟಗಾರನ ಜೊತೆಗೇ ಮನೆಗೆ ಹೋಗುತ್ತದೆ.

ನಮ್ಮವರಿಗೆ ಸಾಮರ್ಥ್ಯವಿಲ್ಲ ಎನ್ನುವವರು 2023ರ ಮಾರ್ಚ್ 4 ನೆನೆಯಲಿ. ರವಿ ಬಾಬು ರಾಜು ತರಬೇತಿಯ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿತು.

ಹಾಗಾಗಿ ನನ್ನ ಬೇಡಿಕೆ ಇಷ್ಟು: ತಾಲೂಕಿಗೊಬ್ಬ ಮಾಜಿ ಆಟಗಾರನನ್ನು ಸಂಬಳ ಕೊಟ್ಟು ಕೋಚ್ ಆಗಿ ನೇಮಿಸಲಿ. ಅವರ ಲೈಸೆನ್ಸ್ ಕೋರ್ಸಿನ ಖರ್ಚನ್ನು ಸರಕಾರ ಹೊರಲಿ. ಪಾಠ ಕನ್ನಡದಲ್ಲಿ ಸಿಗಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದಲೇ ಶುರುವಾಗಲಿ. ದಿಲ್ಲಿಯ ಹುದ್ದೆಯಲ್ಲಿ ಯಾರು ಕೂರಬೇಕೆಂಬ ವಾದ ಆಮೇಲೆ ಮಾಡೋಣ. ಆ ಹುಡುಗನಿಗೆ ಈಗ ಹದಿನಾಲ್ಕು. ತಿರುಗಿ ನೋಡುವುದು ರೂಢಿಯಾಗಬೇಕಾದ ಪ್ರಾಯ ಇದೇ.