ಹಳೆಯ ಮಸೂರ, ಹೊಸ ಕ್ಯಾಮೆರಾ

ಹಳಗನ್ನಡದ ಪದವೊಂದನ್ನು ಇಂದಿನ ಗದ್ಯದಲ್ಲಿ ಬಳಸಿದರೆ ಅದು ಅರ್ಥವನ್ನು ಹಿಗ್ಗಿಸಲೂಬಹುದು, ಬರಿಯ ಆಡಂಬರವಾಗಿ ನಿಲ್ಲಲೂಬಹುದು. ಪದದ ಹುಟ್ಟು, ವಿಭಕ್ತಿ, ಪ್ರಯೋಗಗಳನ್ನು ಬಲ್ಲವನ ಕೈಯಲ್ಲಿ ಮಾತ್ರ ಅದು ಸಾರ್ಥಕವಾಗುತ್ತದೆ. ಸಿನಿಮಾದಲ್ಲಿಯೂ ಇಂದು ಅಂಥದೇ ಪ್ರಯೋಗವೊಂದು ನಡೆಯುತ್ತಿದೆ. ದಶಕಗಳ ಹಿಂದಿನ ಅನಾಮಾರ್ಫಿಕ್ ಮಸೂರಗಳನ್ನು ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ ಚಿತ್ರೀಕರಿಸುವುದು ಆ ಪ್ರಯೋಗ. ಅದನ್ನು ಅಳೆಯಬೇಕಾದದ್ದೂ ಇದೇ ಮಾನದಂಡದಿಂದ.

ಈ ಮಸೂರ ಅಗಲವಾದ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿ 35 ಮಿ.ಮೀ. ಫಿಲ್ಮಿನ ಮೇಲೆ ಮೂಡಿಸುತ್ತಿತ್ತು. ಪ್ರೊಜೆಕ್ಟರಿನ ಮಸೂರ ಅದನ್ನು ಪುನಃ ಹಿಗ್ಗಿಸಿ ಪರದೆಯನ್ನು ತುಂಬುತ್ತಿತ್ತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂದು ಹೆಸರಾದ 'ಕಾಗಜ್ ಕೆ ಫೂಲ್' (1959) ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ' ಚಿತ್ರದ ಮೂಲಕ.

ಆ ಕಾಲದ ಮಸೂರಗಳಲ್ಲಿ ಚೌಕಟ್ಟಿನ ಅಂಚು ಮಸುಕಾಗುತ್ತಿತ್ತು. ದೀಪವೊಂದು ಎದುರಾದರೆ ಪರದೆಯುದ್ದಕ್ಕೂ ಬೆಳಕಿನ ಗೆರೆ ಎಳೆದುಕೊಳ್ಳುತ್ತಿತ್ತು. ಸಮೀಪದ ಮುಖ ಬಾತಂತೆ ಅಗಲವಾಗುತ್ತಿತ್ತು. ಅಂದಿನವರು ಇವನ್ನು ನಿವಾರಿಸಲು ಹೆಣಗಿದರು. ಇಂದಿನವರು ಡಿಜಿಟಲ್ ಚಿತ್ರದ ಅತಿಯಾದ ಸ್ಪಷ್ಟತೆಗೆ ಬೇಸತ್ತು ಅವೇ ದೋಷಗಳನ್ನು ಅರಸಿ ಹೋಗುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಬೆಳಕಿನ ಗೆರೆಯನ್ನು ಗಣಕಯಂತ್ರದಲ್ಲಿ ಸೇರಿಸಬಹುದಾದರೂ, ಹಿನ್ನೆಲೆಯ ಮಸುಕು ದೂರಕ್ಕೆ ತಕ್ಕಂತೆ ಅಂಡಾಕಾರ ತಾಳುವ ಬಗೆಯನ್ನು ಗಾಜೇ ಸಹಜವಾಗಿ ಕೊಡುತ್ತದೆ.

ಆದರೆ ಈ ಜೋಡಣೆಗೆ ಲೆಕ್ಕಾಚಾರ ಬೇಕು. ಎರಡು ಪಟ್ಟು ಕುಗ್ಗಿಸುವ ಮಸೂರವನ್ನು 16:9 ಅನುಪಾತದ ಸೆನ್ಸರ್ ಮುಂದೆ ಇಟ್ಟರೆ, ಹಿಗ್ಗಿಸಿದ ಚಿತ್ರದ ಅಗಲ ಎತ್ತರದ ಮೂರೂವರೆ ಪಟ್ಟನ್ನು ಮೀರುತ್ತದೆ. ಪರದೆಗೆ ಬೇಕಾದದ್ದು ಸುಮಾರು 2.39 ಪಟ್ಟು ಮಾತ್ರ. ಉಳಿದದ್ದನ್ನು ಕತ್ತರಿಸಿ ಎಸೆಯಬೇಕು. 4:3 ಸೆನ್ಸರ್ ಇದ್ದರೆ ನಷ್ಟ ಕಡಿಮೆ. ಇದನ್ನು ತಿಳಿಯದೆ ಹಳೆಯ ಮಸೂರವನ್ನು ಬಾಡಿಗೆಗೆ ತರುವವನು ವಿಭಕ್ತಿ ತಿಳಿಯದೆ ಹಳಗನ್ನಡ ಬರೆಯುವವನಂತೆ.

ಈ ಮಾತು ಆದವಾನಿಯ ವಿದ್ಯಾರ್ಥಿಗಳಿಗೆ ದೂರದ್ದಲ್ಲ. ಮೊದಲ ಸಿನಿಮಾಸ್ಕೋಪ್ ಕಥಾಚಿತ್ರ 'ದಿ ರೋಬ್' 1953ರ ಸೆಪ್ಟೆಂಬರಿನಲ್ಲಿ ತೆರೆಕಂಡಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಈ ಸೀಮೆಯ ಕನ್ನಡಿಗರು ಕನ್ನಡದ ಚೌಕಟ್ಟಿನ ಅಂಚಿನಲ್ಲಿ, ಮಸುಕಾಗಿಯೇ ಕಾಣುತ್ತ ಬಂದಿದ್ದಾರೆ. ಇಲ್ಲಿನ ಎರೆಭೂಮಿ, ಹತ್ತಿಯ ಹೊಲ, ಕೋಟೆಯ ಬೆಟ್ಟಗಳಿಗೆ ಅಗಲ ಪರದೆ ಚೆನ್ನಾಗಿ ಒಪ್ಪುತ್ತದೆ. ನಾಳೆ ಯಾರಾದರೂ ಇಲ್ಲಿ ಕ್ಯಾಮೆರಾ ಹೂಡಿದರೆ ಬಯಲು ಸುಂದರವಾಗಿಯೇ ಮೂಡೀತು.

ಅಪಾಯವಿರುವುದೂ ಅಲ್ಲಿಯೇ. ಹಳೆಯ ಅನಾಮಾರ್ಫಿಕ್ ಮಸೂರಗಳಲ್ಲಿ ಹೆಚ್ಚಿನವು ತೀರ ಹತ್ತಿರದ ವಸ್ತುವಿನ ಮೇಲೆ ನೆಲೆಗೊಳ್ಳುವುದಿಲ್ಲ. ಅದಕ್ಕೆ ಮುಂದೆ ಮತ್ತೊಂದು ಮಸೂರವನ್ನು ತೊಡಿಸಬೇಕು. ಆ ಶ್ರಮಕ್ಕೆ ಬೇಸತ್ತವನು ದೂರದಿಂದಲೇ ಚಿತ್ರ ತೆಗೆದು ಹೊರಟುಹೋಗುತ್ತಾನೆ. ಆಗ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಜನ ಬಯಲಿನ ಚುಕ್ಕೆಗಳಾಗಿ ಉಳಿಯುತ್ತಾರೆ. ಗಡಿನಾಡಿನ ಬಗ್ಗೆ ವೇದಿಕೆಯ ಭಾಷಣಗಳು ಮಾಡುತ್ತ ಬಂದಿರುವುದೂ ಇದನ್ನೇ.

ಕ್ಯಾಮೆರಾ ಹಿಡಿಯಲು ಬಯಸುವ ಕನ್ನಡ ವಿದ್ಯಾರ್ಥಿ ಹಳೆಯ ಮಸೂರವನ್ನು ಧಾರಾಳವಾಗಿ ಬಳಸಲಿ. ಬೆಳಕಿನ ಗೆರೆಗೆ ಮರುಳಾಗುವ ಮೊದಲು ಆ ಮಸೂರ ಏನನ್ನು ಕಾಣಲಾರದು ಎಂಬುದನ್ನು ಅರಿಯಲಿ. ಹತ್ತಿ ಬಿಡಿಸುವ ಹೆಂಗಸಿನ ಮುಖಕ್ಕೆ, ಅವಳಾಡುವ ಕನ್ನಡದ ಧಾಟಿಗೆ ಸಮೀಪ ಹೋಗಲು ಬೇಕಾದ ಇನ್ನೊಂದು ಮಸೂರವನ್ನೂ ಜೊತೆಗೆ ಒಯ್ಯಲಿ.