ಕತ್ತರಿಗೆ ಸಿಕ್ಕ ಕಡಲತೀರ

ಕಡಲತೀರದ ಛಾಯಾಚಿತ್ರಗಳೆಲ್ಲ ಈಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಒಂದು ಪಾಲು ಮರಳು, ಒಂದು ಪಾಲು ನೀರು, ಒಂದು ಪಾಲು ಕೆಂಪೇರಿದ ಆಕಾಶ; ಮನುಷ್ಯರಿದ್ದರೆ ನಮಗೆ ಬೆನ್ನು ಮಾಡಿ ನಿಂತ ಒಬ್ಬರೇ ಒಬ್ಬರು. ಗುಜರಾತಿನಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಸ್ಮರಣ ಸಂಚಿಕೆಗಳ ಮುಖಪುಟಕ್ಕೂ ಊರಿನ ಕಡಲು ಹೀಗೆಯೇ ಬಂದು ಕೂರುತ್ತದೆ. ಈಚೆಗೆ ಅಂಥದೊಂದು ಸಂಚಿಕೆಗೆ ಆರಿಸಿದ ಮಲ್ಪೆಯ ಚಿತ್ರದಲ್ಲಿ ಮೀನುಬುಟ್ಟಿ ಹೊತ್ತ ಇಬ್ಬರು ಹೆಂಗಸರು ಅಂಚಿನಲ್ಲಿದ್ದರು. ಅಚ್ಚಿಗೆ ಹೋಗುವ ಮುನ್ನ ಅವರನ್ನು ಕತ್ತರಿಸಿ ತೆಗೆಯಲಾಯಿತು. ಅವರಿದ್ದರೆ ನೋಟ ಅತ್ತ ಜಾರುತ್ತದೆಂಬುದು ಕೊಟ್ಟ ಕಾರಣ. ಜಾರಲಿ! ಆ ಚಿತ್ರದಲ್ಲಿ ನೋಡತಕ್ಕದ್ದು ಇದ್ದದ್ದೇ ಅಲ್ಲಿ.

ಕತ್ತರಿಯೇ ಕೂಡದೆಂದು ನಾನು ಹೇಳುತ್ತಿಲ್ಲ. ಓರೆಯಾದ ದಿಗಂತವನ್ನು ನೇರ ಮಾಡುವಾಗ ಅಂಚು ಸ್ವಲ್ಪ ಹೋಗಿಯೇ ಹೋಗುತ್ತದೆ; ಸಮುದ್ರ ಒಂದು ಕಡೆಗೆ ಚೆಲ್ಲುವಂತೆ ಕಾಣುವ ಚಿತ್ರ ಯಾರಿಗೂ ಬೇಡ. ಕತ್ತರಿಸುವುದನ್ನು ಒಪ್ಪದ ಹೆನ್ರಿ ಕಾರ್ಟಿಯೇ-ಬ್ರೆಸ್ಸಾನರು ಕೂಡ 1932ರ ಸೇಂಟ್-ಲಝಾರ್ ನಿಲ್ದಾಣದ ತಮ್ಮ ಪ್ರಖ್ಯಾತ ಚಿತ್ರವನ್ನು ಕತ್ತರಿಸಿಯೇ ಮುದ್ರಿಸಿದರೆಂದು ವಾದಿಸುವವರಿದ್ದಾರೆ. ನಿಜ. ಆದರೆ ಅವರು ತೆಗೆದುಹಾಕಿದ್ದು ಮಸೂರಕ್ಕೆ ಅಡ್ಡ ಬಂದ ಬೇಲಿಯ ಹಲಗೆಯನ್ನು. ನೀರಿನ ಮೇಲೆ ನೆಗೆಯುತ್ತಿದ್ದ ಮನುಷ್ಯನನ್ನಲ್ಲ.

ರಂಪಣಿ ಎಳೆಯುವ ಹೊತ್ತನ್ನು ನೆನೆಸಿಕೊಳ್ಳಿ. ದೋಣಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟುಬರುತ್ತದೆ. ಅದರ ಎರಡು ತುದಿಗಳ ಹಗ್ಗ ಹಿಡಿದು ಎರಡು ಸಾಲು ಜನ ದಡದ ಮೇಲೆ ಎಳೆಯುತ್ತಾರೆ, ಎಳೆಯುತ್ತ ಪರಸ್ಪರ ಹತ್ತಿರವಾಗುತ್ತಾರೆ. ಮೊಬೈಲಿನ ಉದ್ದುದ್ದ ಚೌಕಟ್ಟಿಗೆ ಹೊಂದಿಸಲು ಒಂದು ಸಾಲನ್ನು ಕತ್ತರಿಸಿದಿರೋ, ಉಳಿದವರು ಸಮುದ್ರದೊಡನೆ ಹಗ್ಗಜಗ್ಗಾಟ ಆಡುತ್ತಿರುವಂತೆ ತೋರುತ್ತಾರೆ. ಚಿತ್ರಕ್ಕೆ ಬಿಗಿ ಬಂತು, ಕಸುಬು ಹೋಯಿತು. ಈ ಬಿಗಿಯನ್ನೇ ಸಂಯೋಜನೆಯೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಸಂಯೋಜನೆ ನಡೆಯಬೇಕಾದದ್ದು ಮರಳಿನ ಮೇಲೆ, ಕಾಲುಗಳಿಂದ: ಹಿಂದೆ ಸರಿದು, ದಿಬ್ಬ ಹತ್ತಿ, ಮುಂದಿನ ಅಲೆಗೆ ಕಾದು.

ಇದು ಬರಿಯ ಅಂದಚಂದದ ತಕರಾರಲ್ಲವೆಂದು ಚಾಂದ್‌ಖೇಡಾದಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಸಾಬರ್ಮತಿ ಆಶ್ರಮ ನಮ್ಮ ನೆರೆಯಲ್ಲೇ ಇದೆ. 1930ರ ಮಾರ್ಚ್ 12ರಂದು ಅಲ್ಲಿಂದ ಹೊರಟ ನಡಿಗೆ ಏಪ್ರಿಲ್ 5ರಂದು ದಂಡಿಯ ಕಡಲತೀರ ಮುಟ್ಟಿತು. ಗಾಂಧೀಜಿ ಬಾಗಿ ಉಪ್ಪನ್ನು ಎತ್ತಿಕೊಳ್ಳುತ್ತಿರುವ ಚಿತ್ರ ಯಾರಿಗೆ ಗೊತ್ತಿಲ್ಲ? ಈ ದೇಶದ ಕಡಲತೀರದ ಚಿತ್ರಗಳಲ್ಲಿ ಅದಕ್ಕಿಂತ ಹೆಚ್ಚು ಜನ ಕಂಡದ್ದು ಇರಲಾರದು. ಪೂರ್ತಿ ಚಿತ್ರದಲ್ಲಿ ಅವರ ಹಿಂದೆ ಮಗ ಮಣಿಲಾಲ್ ಇದ್ದಾರೆ, ಮೀಠೂಬೆನ್ ಪೆಟಿಟ್ ಇದ್ದಾರೆ. ಕತ್ತರಿಸಿದ ಪ್ರತಿಗಳಲ್ಲಿ ಉಳಿಯುವುದು ಬಾಗಿದ ಬೆನ್ನು, ಚಾಚಿದ ಕೈ. ಮೀಠೂಬೆನ್ ಮುಂಬಯಿಯ ಸಿರಿವಂತ ಪಾರ್ಸಿ ಮನೆತನ ಬಿಟ್ಟು ಸೂರತ್ ಸೀಮೆಯಲ್ಲಿ ಹೆಂಡದಂಗಡಿಗಳ ಮುಂದೆ ಧರಣಿ ನಡೆಸಿದವರು, 1961ರಲ್ಲಿ ಪದ್ಮಶ್ರೀ ಪಡೆದವರು. ಹೊರಟ 78 ಮಂದಿಯಲ್ಲಿ ಒಬ್ಬ ಹೆಣ್ಣುಮಗಳಿಗೂ ಜಾಗವಿರಲಿಲ್ಲ. ಕೊನೆಗೆ ತೀರದಲ್ಲಿ ನಿಂತವರನ್ನೂ ಚೌಕಟ್ಟಿನಿಂದ ಹೊರಗಟ್ಟಬೇಕೇ? ಚಿತ್ರ ದಂಡಿಯದಲ್ಲ, ಏಪ್ರಿಲ್ 9ರಂದು ಭೀಮರಾಡಿನಲ್ಲಿ ತೆಗೆದದ್ದು ಎಂಬ ವಾದವೂ ಇದೆ. ಅದನ್ನು ಇತ್ಯರ್ಥ ಮಾಡಲು ಹೊರಟವರಿಗೆ ಹಿಂದಿನ ಜನ, ನೆಲ, ಅಂಚು ಬೇಕೇ ಬೇಕು. ಕೈಯೊಂದೇ ಸಾಕ್ಷಿ ಹೇಳಲಾರದು.

ನಮಗಂತೂ ಅಂಚಿನ ಹಂಗು ಇನ್ನೂ ಹೆಚ್ಚಿನದು. ಆ 78 ಮಂದಿಯಲ್ಲಿ ಕರ್ನಾಟಕದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗಿನ್ನೂ ಇಪ್ಪತ್ತರ ಒಳಗಿನ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅಂಥವರನ್ನು ಹುಡುಕಬೇಕಾದದ್ದು ಚಿತ್ರದ ನಡುವಿನಲ್ಲಲ್ಲ, ಅಂಚಿನ ಗುಂಪಿನಲ್ಲಿ. ಅದೇ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದಾಗಲೂ ತೀರವೆಂದರೆ ಜನಸಂದಣಿಯೇ. ಕಡಲು ನಮ್ಮ ಇತಿಹಾಸದಲ್ಲಿ ನಿರ್ಜನವಾಗಿ ಎಂದೂ ಇರಲಿಲ್ಲ. ಅದನ್ನು ನಿರ್ಜನಗೊಳಿಸಿದ್ದು ಕ್ಯಾಲೆಂಡರು.

ಬಣ್ಣದ ಮಾತೂ ಹೀಗೆಯೇ. ಖಂಭಾತ್ ಕೊಲ್ಲಿಗೆ ನಮ್ಮ ಸಾಬರ್ಮತಿಯೂ ಮಹಿ, ನರ್ಮದಾ, ತಾಪಿ ನದಿಗಳೂ ಹೂಳು ತಂದು ಸುರಿಯುತ್ತವೆ. ಸುಮಾರು 10 ಮೀಟರಿನ ಉಬ್ಬರವಿಳಿತ ಅದನ್ನು ದಿನವೂ ಕಲಕುತ್ತದೆ. ಅಲ್ಲಿನ ನೀರು ಕೆಸರುಬಣ್ಣದ್ದು. ಅದನ್ನು ನೀಲಿಯಾಗಿಸಿ ಊರಿಗೆ ಕಳಿಸುವವರು ಕೊಲ್ಲಿಯನ್ನಲ್ಲ, ಮತ್ತೆಲ್ಲಿಯದೋ ಜಾಹೀರಾತನ್ನು ಕಳಿಸುತ್ತಿದ್ದಾರೆ.

2019ರಲ್ಲಿ ತೆರೆದ ದಂಡಿಯ ಸ್ಮಾರಕದಲ್ಲಿ 80 ಪಾದಯಾತ್ರಿಗಳ ಪ್ರತಿಮೆಗಳಿವೆ. ನಡುದಾರಿಯಲ್ಲಿ ಸೇರಿಕೊಂಡ ಇಬ್ಬರೂ ಲೆಕ್ಕಕ್ಕೆ ಬಂದಿದ್ದಾರೆ. ರಜೆಯಲ್ಲಿ ಅತ್ತ ಹೋಗುವವರು ಮುಂದಾಳಿನ ಪಕ್ಕ ನಿಂತು ಒಂದು ಸೆಲ್ಫಿ ತೆಗೆದುಕೊಳ್ಳಲಿ, ಬೇಡವೆನ್ನುವುದಿಲ್ಲ. ಆಮೇಲೆ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದು, ಸಾಲಿನ ಕೊನೆಯ ಪ್ರತಿಮೆಯೂ ಹಿಡಿಯುವಂತೆ ಇನ್ನೊಂದು ಚಿತ್ರ ತೆಗೆಯಲಿ. ಮುಂದಿನ ಸಂಚಿಕೆಯ ಮುಖಪುಟಕ್ಕೆ ಅದನ್ನೇ, ಕತ್ತರಿಸದೆ, ಕಳಿಸಲಿ.