ಚೀನಾದಲ್ಲಿ ರೂಮ್ ಬುಕ್ ಮಾಡುವ ಮುನ್ನ: ‘ಸಿಟಿ ಒಳಗೇ ಇದೆ’ ಎಂಬ ಮಾತು ನಂಬಬಹುದೇ?

ಹಾಸನದ ಕಡೆಯಿಂದ ಯಾರಾದರೂ ಚೀನಾಕ್ಕೆ ಹೊರಟರೆ ಮನೆಯಲ್ಲಿ ಮೊದಲು ನಡೆಯುವುದು ವೀಸಾ, ಟಿಕೆಟ್ ಮಾತು. ಉಳಿಯುವ ಜಾಗದ ಯೋಚನೆ ಬರುವುದು ಕೊನೆಗೆ. ಆಗ ವಾಟ್ಸಾಪ್‌ನಲ್ಲಿ ಬಂದ ನಾಲ್ಕು ಸಲಹೆಗಳೇ ಆಧಾರ. ‘ವಿದೇಶಿಯರಿಗೆ ಫೈವ್ ಸ್ಟಾರ್‌ನಲ್ಲಿ ಮಾತ್ರ ಜಾಗ ಕೊಡುತ್ತಾರೆ’, ‘ಪರಿಚಯದವರ ಮನೆಯಲ್ಲಿ ಉಳಿದರೆ ಯಾವ ತಾಪತ್ರಯವೂ ಇಲ್ಲ’, ‘ಮ್ಯಾಪ್ ನೋಡಿಕೊಂಡು ಹೋದರೆ ಸಾಕು’, ‘ಸಿಟಿ ಒಳಗೆ ಎಲ್ಲಿದ್ದರೂ ಒಂದೇ’. ಈ ನಾಲ್ಕರಲ್ಲಿ ಯಾವುದೂ ಪೂರ್ತಿ ನಿಜವಲ್ಲ. ನಂಬಿ ಹೊರಟರೆ ಭಾಷೆ ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಹೊತ್ತು ಲಗೇಜ್ ಹಿಡಿದು ಬೀದಿಯಲ್ಲಿ ನಿಲ್ಲಬೇಕಾಗಬಹುದು.

ಉದಾಹರಣೆಗೆ ಗುವಾಂಗ್‌ಝೌ ನಗರವನ್ನೇ ತೆಗೆದುಕೊಳ್ಳೋಣ. 1957ರಿಂದ ನಡೆಯುತ್ತಿರುವ ಕ್ಯಾಂಟನ್ ಫೇರ್ ಎಂಬ ವ್ಯಾಪಾರ ಮೇಳದ ಊರು ಅದು. 2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾದದ್ದೂ ಕೋಲ್ಕತ್ತಾ-ಗುವಾಂಗ್‌ಝೌ ಮಾರ್ಗದಿಂದಲೇ.

‘ಸಿಟಿ ಒಳಗೆ ಎಲ್ಲಿದ್ದರೂ ಒಂದೇ’: ತಪ್ಪು

ಹಾಸನ ಸಿಟಿಯಲ್ಲಿ ಲಾಡ್ಜ್ ಹುಡುಕುವವರು ಬಸ್ ಸ್ಟ್ಯಾಂಡ್ ಹತ್ತಿರವೋ ದೂರವೋ ಎಂದು ಕೇಳುತ್ತಾರೆ. ತಪ್ಪಿದರೂ ಆಟೋದಲ್ಲಿ ಹತ್ತು ನಿಮಿಷ ಹೆಚ್ಚು, ಅಷ್ಟೇ. ಚೀನಾದಲ್ಲಿ ‘ನಗರ’ ಎಂಬ ಪದದ ಅರ್ಥವೇ ಬೇರೆ. ಅದು ನಮ್ಮ ಜಿಲ್ಲೆಯಂಥ ಒಂದು ಆಡಳಿತ ಘಟಕ. ಪೇಟೆಯ ಜೊತೆ ಸುತ್ತಲಿನ ಪಟ್ಟಣ, ಹಳ್ಳಿ, ಗುಡ್ಡ ಎಲ್ಲವೂ ಅದರೊಳಗೇ ಬರುತ್ತವೆ.

ಲೆಕ್ಕ ನೋಡಿ. ಇಡೀ ಹಾಸನ ಜಿಲ್ಲೆಯ ವಿಸ್ತೀರ್ಣ ಸುಮಾರು 6,800 ಚದರ ಕಿ.ಮೀ. ಗುವಾಂಗ್‌ಝೌ ‘ನಗರ’ದ ವಿಸ್ತೀರ್ಣ ಸುಮಾರು 7,400 ಚದರ ಕಿ.ಮೀ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. 2020ರ ಜನಗಣತಿಯಲ್ಲಿ ಗುವಾಂಗ್‌ಝೌ ಜನಸಂಖ್ಯೆ ಸುಮಾರು 1.87 ಕೋಟಿ. ನಮ್ಮಲ್ಲಿ 8 ತಾಲ್ಲೂಕುಗಳಿದ್ದರೆ ಅಲ್ಲಿ 11 ಜಿಲ್ಲಾ ವಿಭಾಗಗಳಿವೆ.

ಹಾಗಾಗಿ ಬುಕಿಂಗ್ ಆ್ಯಪ್‌ನಲ್ಲಿ ‘ಗುವಾಂಗ್‌ಝೌ’ ಎಂದು ಕಂಡರೆ, ಅದು ‘ಹಾಸನ ಜಿಲ್ಲೆ’ ಎಂದು ಹೇಳಿದಷ್ಟೇ. ಕಟ್ಟಾಯದಲ್ಲಿ ಮದುವೆಗೆ ಬಂದವರಿಗೆ ಸಕಲೇಶಪುರದಲ್ಲೋ ಅರಸೀಕೆರೆಯಲ್ಲೋ ರೂಮ್ ಮಾಡಿಕೊಟ್ಟು ‘ಹಾಸನ ಜಿಲ್ಲೆಯಲ್ಲೇ ಇದೆಯಲ್ಲ’ ಅಂದರೆ ಒಪ್ಪುತ್ತಾರೆಯೇ? ದಕ್ಷಿಣದ ನಾನ್ಶಾ, ಉತ್ತರದ ತ್ಸೊಂಗ್‌ಹುವಾ ಕೂಡ ಗುವಾಂಗ್‌ಝೌ ಒಳಗೇ ಇವೆ. ಎರಡೂ ಪೇಟೆಯ ನಡುಭಾಗದಿಂದ ಬಹಳ ದೂರ. ಅಲ್ಲಿ ರೂಮ್ ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

‘ರೈಲ್ವೆ ಸ್ಟೇಷನ್ ಹತ್ತಿರ’ ಎಂಬ ಮಾತಿಗೂ ಇದೇ ತೊಂದರೆ. ಗುವಾಂಗ್‌ಝೌನಲ್ಲಿ ಒಂದಲ್ಲ, ಹಲವು ದೊಡ್ಡ ನಿಲ್ದಾಣಗಳಿವೆ. ಹೈಸ್ಪೀಡ್ ರೈಲುಗಳ ದೊಡ್ಡ ನಿಲ್ದಾಣವಾದ ಗುವಾಂಗ್‌ಝೌ ದಕ್ಷಿಣ ಇರುವುದು ಪನ್ಯೂ ವಿಭಾಗದಲ್ಲಿ, ಹಳೆಯ ಪೇಟೆಯಿಂದ ದೂರ.

ಹಾಗಾದರೆ ಎಲ್ಲಿ ಉಳಿಯುವುದು? ಮೊದಲು ಹೋಗುವ ಕೆಲಸ ಯಾವುದು, ಅದು ನಡೆಯುವ ಜಾಗಕ್ಕೆ ಹತ್ತಿರದ ಮೆಟ್ರೊ ನಿಲ್ದಾಣ ಯಾವುದು ಎಂದು ತಿಳಿದುಕೊಳ್ಳಿ. ಅದೇ ಮಾರ್ಗದಲ್ಲಿ, ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಹೋಟೆಲ್ ಹುಡುಕಿ. ಕ್ಯಾಂಟನ್ ಫೇರ್ ನಡೆಯುವುದು ಹೈಝು ವಿಭಾಗದ ಪಝೌನಲ್ಲಿ. ಅಲ್ಲಿಗೆ ಮೆಟ್ರೊ 8ನೇ ಮಾರ್ಗ ಹೋಗುತ್ತದೆ. ಅದೇ ಮಾರ್ಗದಲ್ಲಿ ಕೆಲವು ನಿಲ್ದಾಣ ಆಚೆ ಉಳಿದರೂ ಓಡಾಟ ಸುಲಭ. ಭಾರತೀಯ ಊಟ ಸಿಗಲೇಬೇಕು ಎನ್ನುವವರು ಯುಯೆಶಿಯು ವಿಭಾಗದ ಶಿಯಾವೊಬೈ ಸುತ್ತಮುತ್ತ ನೋಡಬಹುದು. ಹಲವು ದೇಶಗಳ ವ್ಯಾಪಾರಿಗಳು ಬಂದು ಹೋಗುವ ಜಾಗ ಅದು. ಮೆಟ್ರೊ ರಾತ್ರಿ 11 ಗಂಟೆ ಆಸುಪಾಸಿಗೆ ನಿಲ್ಲುತ್ತದೆ. ತಡರಾತ್ರಿ ಇಳಿಯುವ ವಿಮಾನವಾದರೆ ಮೊದಲ ರಾತ್ರಿಗೆ ಮಾತ್ರ ವಿಮಾನ ನಿಲ್ದಾಣದ ಹತ್ತಿರ ಉಳಿಯುವುದೇ ಜಾಣತನ.

ಮೇಳ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ, ಪ್ರತಿ ಸಲ ಮೂರು ಹಂತಗಳಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ರೂಮ್ ಬಾಡಿಗೆ ಏರುತ್ತದೆ. ಹಾಸನಾಂಬೆ ಬಾಗಿಲು ತೆರೆದಾಗ ನಮ್ಮ ಲಾಡ್ಜ್‌ಗಳಲ್ಲಿ ಆಗುವುದೂ ಇದೇ ಅಲ್ಲವೇ? ಮೇಳಕ್ಕೆ ಹೋಗದವರು ಆ ದಿನಗಳನ್ನು ಬಿಟ್ಟು ಹೋದರೆ ಹಣ ಉಳಿಯುತ್ತದೆ.

‘ವಿದೇಶಿಯರಿಗೆ ಫೈವ್ ಸ್ಟಾರ್ ಮಾತ್ರ’: ಹಳೆಯ ಅರ್ಧ ಸತ್ಯ

ಒಂದು ಕಾಲದಲ್ಲಿ ವಿದೇಶಿಯರನ್ನು ಉಳಿಸಿಕೊಳ್ಳಲು ಹೋಟೆಲ್‌ಗಳಿಗೆ ಪ್ರತ್ಯೇಕ ಅನುಮತಿ ಬೇಕಿತ್ತು. ಆ ನಿಯಮ ಹೋಗಿ ಎಷ್ಟೋ ವರ್ಷಗಳಾದವು. 2024ರ ಮೇ ತಿಂಗಳಲ್ಲಿ ಚೀನಾದ ವಾಣಿಜ್ಯ ಸಚಿವಾಲಯವೂ ಸೇರಿ ಹಲವು ಇಲಾಖೆಗಳು, ಅನುಮತಿ ಇಲ್ಲ ಎಂಬ ನೆಪದಲ್ಲಿ ವಿದೇಶಿಯರನ್ನು ವಾಪಸ್ ಕಳಿಸಬಾರದು ಎಂದು ಸೂಚನೆ ಹೊರಡಿಸಿದವು.

ಹಾಗಿದ್ದರೂ ಸಣ್ಣ ಹೋಟೆಲ್‌ಗಳಲ್ಲಿ ‘ಆಗಲ್ಲ’ ಎನ್ನುವುದು ಪೂರ್ತಿ ನಿಂತಿಲ್ಲ. ಅತಿಥಿಯ ವಿವರವನ್ನು ಹೋಟೆಲ್‌ನವರು ಪೊಲೀಸ್ ವ್ಯವಸ್ಥೆಗೆ ಸೇರಿಸಬೇಕು. ಚೀನೀಯರಾದರೆ ಗುರುತಿನ ಚೀಟಿ ಯಂತ್ರದ ಮೇಲಿಟ್ಟರೆ ಮುಗಿಯಿತು. ಪಾಸ್‌ಪೋರ್ಟ್ ವಿವರ ಹಾಕುವುದು ಬೇರೆ ಕೆಲಸ, ಕೆಲವು ಸಿಬ್ಬಂದಿಗೆ ಅದು ಗೊತ್ತಿರುವುದಿಲ್ಲ. ಆದ್ದರಿಂದ ಬುಕ್ ಮಾಡುವ ಮೊದಲೇ ‘ಭಾರತೀಯ ಪಾಸ್‌ಪೋರ್ಟ್ ಇದೆ, ಚೆಕ್-ಇನ್ ಆಗುತ್ತದೆಯೇ?’ ಎಂದು ಕೇಳಿ, ಬಂದ ಉತ್ತರವನ್ನು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಿದೇಶಿ ಅತಿಥಿಗಳು ಇತ್ತೀಚೆಗೆ ಬರೆದ ವಿಮರ್ಶೆಗಳು ಆ್ಯಪ್‌ನಲ್ಲಿದ್ದರೆ ಅದೂ ಒಳ್ಳೆಯ ಸೂಚನೆ. ಸ್ಟಾರ್ ಎಷ್ಟು ಎಂಬುದಕ್ಕಿಂತ ಇದು ಮುಖ್ಯ.

‘ಪರಿಚಯದವರ ಮನೆಯಾದರೆ ತಾಪತ್ರಯವಿಲ್ಲ’: ಇದೇ ಹೆಚ್ಚು ಅಪಾಯದ ಸಲಹೆ

ಚೀನಾದ ಪ್ರವೇಶ-ನಿರ್ಗಮನ ಕಾನೂನು 2013ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೋಟೆಲ್‌ನಲ್ಲಿ ಉಳಿದರೆ ನೋಂದಣಿ ಹೋಟೆಲ್‌ನವರ ಹೊಣೆ. ಮನೆಯಲ್ಲಿ ಉಳಿದರೆ, ಬಂದ 24 ಗಂಟೆಯೊಳಗೆ ನೀವು ಅಥವಾ ಮನೆಯವರು ಆ ಪ್ರದೇಶದ ಪೊಲೀಸರಲ್ಲಿ ನೋಂದಣಿ ಮಾಡಿಸಬೇಕು. ಮಾಡಿಸದಿದ್ದರೆ ಎಚ್ಚರಿಕೆ ಕೊಡಬಹುದು, 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಮಗ, ಮಗಳು ಅಲ್ಲಿ ಓದುತ್ತಿದ್ದು ಅವರ ಬಾಡಿಗೆ ಮನೆಯಲ್ಲಿ ಉಳಿಯುವ ಅಪ್ಪ-ಅಮ್ಮನಿಗೂ ಈ ನಿಯಮ ಅನ್ವಯಿಸುತ್ತದೆ. ಬಾಡಿಗೆ ಫ್ಲಾಟ್‌ಗಳನ್ನು ಆ್ಯಪ್‌ನಲ್ಲಿ ಹಿಡಿಯುವವರು ನೋಂದಣಿ ಯಾರು ಮಾಡಿಸುತ್ತಾರೆ ಎಂದು ಮೊದಲೇ ಕೇಳಬೇಕು.

‘ಮ್ಯಾಪ್ ಇದ್ದರೆ ಸಾಕು’: ಯಾವ ಮ್ಯಾಪ್ ಎಂಬುದು ಮುಖ್ಯ

ನಮ್ಮ ಫೋನಿನ ಜಿಪಿಎಸ್ ಇಡೀ ಜಗತ್ತಿಗೆ ಒಂದೇ ಅಳತೆಯಲ್ಲಿ ಜಾಗ ಗುರುತಿಸುತ್ತದೆ. ಚೀನಾ ತನ್ನ ಭದ್ರತೆಯ ಕಾರಣಕ್ಕೆ ನಕ್ಷೆಗಳಿಗೆ ‘ಜಿಸಿಜೆ-02’ ಎಂಬ ಬೇರೆ ಅಳತೆಯನ್ನು ಕಡ್ಡಾಯ ಮಾಡಿದೆ. ಇದರಲ್ಲಿ ಪ್ರತಿ ಜಾಗವನ್ನೂ ಬೇಕೆಂದೇ ಸ್ವಲ್ಪ ಸರಿಸಲಾಗಿರುತ್ತದೆ. ಎರಡು ಅಳತೆ ಬೆರೆತಾಗ ನೂರಾರು ಮೀಟರ್ ವ್ಯತ್ಯಾಸ ಬರುತ್ತದೆ. ಮ್ಯಾಪ್‌ನಲ್ಲಿ ಮೆಟ್ರೊ ಪಕ್ಕದಲ್ಲಿದ್ದ ಹೋಟೆಲ್, ನಿಜದಲ್ಲಿ ದೊಡ್ಡ ರಸ್ತೆಯ ಆಚೆ ಬದಿ ಇರಬಹುದು. ಮೇಲಾಗಿ ಗೂಗಲ್ ಸೇವೆಗಳು ಅಲ್ಲಿ ನಿರ್ಬಂಧಿತ. ಅಲ್ಲಿನ ಅಮ್ಯಾಪ್ ಅಥವಾ ಬೈದು ಮ್ಯಾಪ್ ಬಳಸಿದರೆ ಈ ಗೊಂದಲ ಇರುವುದಿಲ್ಲ.

ವಾಟ್ಸಾಪ್ ಕೂಡ ಹೋಟೆಲ್ ವೈಫೈನಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡರೆ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಆದರೆ ಹೋಟೆಲ್ ವಿಳಾಸ ವಾಟ್ಸಾಪ್ ಚಾಟ್‌ನಲ್ಲಿದೆ ಎಂದು ನೆಚ್ಚಿಕೊಂಡು ಹೋಗಬೇಡಿ. ಹೆಸರು, ವಿಳಾಸ, ಫೋನ್ ನಂಬರ್ ಮೂರನ್ನೂ ಚೀನೀ ಲಿಪಿಯಲ್ಲೇ ಪ್ರಿಂಟ್ ಮಾಡಿಸಿ ಜೇಬಿನಲ್ಲಿಡಿ. ಟ್ಯಾಕ್ಸಿಯವರಿಗೆ ತೋರಿಸಲು ಅದೇ ಬೇಕು.

ರೂಮ್ ತಲುಪಿದ ಮೇಲೆ

ಅಲ್ಲಿ ನೆಲಮಹಡಿಯೇ ‘1ನೇ ಮಹಡಿ’. ನಮ್ಮ ಎರಡನೇ ಮಹಡಿ ಅವರ ಮೂರನೆಯದು. ಕೆಲವು ಕಟ್ಟಡಗಳಲ್ಲಿ 4ನೇ ಮಹಡಿ ಎಂಬುದೇ ಇರುವುದಿಲ್ಲ. ಚೀನೀ ಭಾಷೆಯಲ್ಲಿ ‘ನಾಲ್ಕು’ ಎಂಬ ಪದ ‘ಸಾವು’ ಎಂಬ ಪದದಂತೆ ಕೇಳಿಸುವುದು ಇದಕ್ಕೆ ಕಾರಣ. ನಲ್ಲಿ ನೀರನ್ನು ಅಲ್ಲಿನವರೂ ನೇರವಾಗಿ ಕುಡಿಯುವುದಿಲ್ಲ, ಕಾಯಿಸಿಯೇ ಕುಡಿಯುತ್ತಾರೆ. ಅದಕ್ಕಾಗಿ ರೂಮಿನಲ್ಲಿ ಸಾಮಾನ್ಯವಾಗಿ ಕೆಟಲ್ ಇಟ್ಟಿರುತ್ತಾರೆ. ನಮ್ಮ ದುಂಡು ಮೂರು ಪಿನ್‌ನ ಪ್ಲಗ್ ಅಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು. ಹಣ ಕಟ್ಟಲು ಅಲಿಪೇ ಅಥವಾ ವೀಚಾಟ್‌ಗೆ ನಿಮ್ಮ ವೀಸಾ, ಮಾಸ್ಟರ್‌ಕಾರ್ಡ್ ಅನ್ನು ಊರಲ್ಲಿರುವಾಗಲೇ ಜೋಡಿಸಿಕೊಳ್ಳಿ. ಹಲವು ಹೋಟೆಲ್‌ಗಳು ಬಾಡಿಗೆಯ ಮೇಲೆ ಮುಂಗಡ ಠೇವಣಿ ಕೇಳುತ್ತವೆ, ರಸೀದಿ ಇಟ್ಟುಕೊಳ್ಳಿ.

ಒಟ್ಟಿನಲ್ಲಿ ಹಣ ಕಟ್ಟುವ ಮೊದಲು ಮೂರು ಪ್ರಶ್ನೆಗೆ ಉತ್ತರ ಸಿಗಲಿ: ಯಾವ ವಿಭಾಗ, ಯಾವ ಮೆಟ್ರೊ ನಿಲ್ದಾಣ? ನಮ್ಮ ಪಾಸ್‌ಪೋರ್ಟ್‌ಗೆ ಚೆಕ್-ಇನ್ ಆಗುತ್ತದೆಯೇ? ಪೊಲೀಸ್ ನೋಂದಣಿ ಯಾರು ಮಾಡಿಸುತ್ತಾರೆ? ನಿಮ್ಮ ಮನೆಯ ಗ್ರೂಪ್‌ನಲ್ಲಿ ಯಾರಾದರೂ ಚೀನಾಕ್ಕೆ ಹೊರಟಿದ್ದರೆ, ‘ಫೈವ್ ಸ್ಟಾರ್ ಮಾತ್ರ’ ಎಂಬ ಫಾರ್ವರ್ಡ್ ಬದಲು ಈ ಮೂರು ಪ್ರಶ್ನೆಗಳನ್ನು ಕಳಿಸಿ.